ಎರಡು ಸಲ ದಾಟಿದ ಹಳ್ಳ

ಶಹಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ಹಸಿಮೆಣಸಿನಕಾಯಿ ತೂಗಿಸಿಕೊಳ್ಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಿರುಗಿ ನೋಡಿ, "ಅಕ್ಕೋರ, ವಿಡಿಯೋದಾಂವ ಹೋದನಂತ್ರಿ. ಇವತ್ತ ಮುಂಜಾನಿ" ಎಂದ. ಎಂದವನೇ ಚೀಲ ಹೆಗಲಿಗೇರಿಸಿಕೊಂಡು ನಡೆದ. ಊರಿನ ಪಾಲಿಗೆ ಅದು ಅಷ್ಟೇ ದೊಡ್ಡ ಸುದ್ದಿ. ನಾನು ಆರಿಸಿದ್ದ ಬದನೆಕಾಯಿಯನ್ನೆಲ್ಲ ಗುಡ್ಡೆಗೆ ವಾಪಸು ಸುರಿದು ಬಂದೆ. ಮಾರುತ್ತಿದ್ದ ಮುದುಕಿ ಬೈದಳು.

ಹೆಸರಿದ್ದರೂ ಅದನ್ನು ಹಿಡಿದು ಆತನನ್ನು ಕರೆದವರು ಕಡಿಮೆ. ನಾನೂ ಇಲ್ಲಿ ಬರೆಯುವುದಿಲ್ಲ. ಆತನ ಬದುಕಿಗೆ ಸಿಕ್ಕಿಹಾಕಿಕೊಂಡ ಇನ್ನೊಂದು ಮನೆಯವರು ಇನ್ನೂ ಇದೇ ಸೀಮೆಯಲ್ಲಿ ಬಾಳುತ್ತಿದ್ದಾರೆ. ಅವರ ಹೆಸರುಗಳನ್ನು ಬೇರೆ ಮಾಡಿಕೊಂಡಿದ್ದೇನೆ.

ನಾನು ಸುರಪುರದವಳು. ಶಹಾಪುರದ ಮಗ್ಗುಲಿನ ಕಾಲುವೆ ಕ್ಯಾಂಪಿನ ಹೈಸ್ಕೂಲಿಗೆ ಕನ್ನಡ ಕಲಿಸಲು ಬಂದಾಗ ಕಾಲುವೆಗೆ ನೀರು ಬಿಟ್ಟು ಬಹಳ ವರ್ಷವಾಗಿರಲಿಲ್ಲ. ಜೋಳ, ತೊಗರಿಯ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ಮಂದಿಯ ಕೈಯಲ್ಲಿ ದುಡ್ಡು ಆಡಿತು, ಮದುವೆಗೆ ಶಾಮಿಯಾನ ಬಂತು, ಶಾಮಿಯಾನದ ಹಿಂದೆ ವಿಡಿಯೋ ಬಂತು. ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಸ್ಟುಡಿಯೋ ಆತನದು. ತಾಯಿ ಆ ಕಾಲುವೆಗೇ ಮಣ್ಣು ಹೊತ್ತ ಕೂಲಿಯವಳು. ಸ್ಟುಡಿಯೋದ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಗಿರಾಕಿಗಳು ತಲೆ ಬಾಚಿಕೊಳ್ಳಲು ಒಂದು ಕನ್ನಡಿ, ದಾರಕ್ಕೆ ಕಟ್ಟಿದ ಬಾಚಣಿಕೆ.

ನನಗೆ ಪರಿಚಯವಾದದ್ದು ನನ್ನ ತಮ್ಮನ ಮದುವೆಯ ವಿಡಿಯೋದಿಂದ. ಮನೆಮಂದಿಯೆಲ್ಲ ಕೂತು ನೋಡಿದೆವು. ತಾಳಿ ಕಟ್ಟುವುದು ಇತ್ತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಹೊತ್ತು ಇದ್ದದ್ದು ಅಡುಗೆಮನೆಯ ಮರೆಯಲ್ಲಿ ಕಣ್ಣೊರೆಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರು, ಅಕ್ಕಿಚೀಲದ ಮೇಲೆ ಬಾಯಿ ತೆರೆದು ಮಲಗಿದ ಮುದುಕ, ಚಪ್ಪಲಿ ಕಾಯುತ್ತಾ ಕೂತ ಹುಡುಗಿ. ಊರ ಪ್ರಮುಖರು ಬಂದು ಆಶೀರ್ವಾದ ಮಾಡಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬೀಗರು ಸಿಟ್ಟಾಗಿ ಜಗಳಕ್ಕೆ ಹೋದರಂತೆ. ಆತ ಸಮಾಧಾನದಿಂದ, "ಮದಿವಿ ಅಂಬೋದು ಬರೀ ಇಬ್ಬರದಲ್ಲರಿ" ಎಂದನಂತೆ. ನನಗೆ ಆ ಮುದುಕನನ್ನು ಮರೆಯಲಾಗಲಿಲ್ಲ. ನನ್ನ ಸೋದರಮಾವ ಆತ. ಮರುವರ್ಷ ತೀರಿಕೊಂಡ. ಅವನ ಚಿತ್ರವೆಂದು ನಮ್ಮಲ್ಲಿ ಉಳಿದದ್ದು ಅದೊಂದೇ.

ಕ್ಯಾಂಪಿನಿಂದ ವರ್ಗವಾಗಿ ಹೊರಟ ಇಂಜಿನಿಯರೊಬ್ಬರ ಹಳೆಯ ಬುಲೆಟ್ ಆತನ ಕೈಗೆ ಬಂದದ್ದು ಆಮೇಲೆ. ಕಾಲುವೆಯ ದಂಡೆಗುಂಟ ಇಲಾಖೆಯ ಜೀಪುಗಳಿಗೆಂದು ಮಾಡಿದ ಮಣ್ಣಿನ ದಾರಿಯಲ್ಲಿ ಗಾಡಿ ಕಲಿತ. ರವಿವಾರ ಬಂತೆಂದರೆ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಆ ದಾರಿ ಹಿಡಿದುಬಿಡುತ್ತಿದ್ದ. ಒಂದು ಚಳಿಗಾಲ ಬೋನಾಳ ಕೆರೆಯ ದಂಡೆಯಲ್ಲಿ, ತಲೆಯ ಮೇಲೆ ಕಪ್ಪು ಪಟ್ಟೆಯಿರುವ ಹೆಬ್ಬಾತುಗಳನ್ನು ತೆಗೆಯುತ್ತಿದ್ದಾಗ, ಅವು ಹಿಮಾಲಯದ ಮೇಲಿಂದ ಹಾರಿ ಬರುತ್ತವೆಂದು ಅಲ್ಲಿಯ ಕಾವಲುಗಾರ ಹೇಳಿದ. ಆ ಮಾತು ತಲೆಗೆ ಹೊಕ್ಕಿತು.

"ಅಷ್ಟ ದೂರದಿಂದ ವರ್ಷಾ ಬಂದು ನಮ್ಮನ್ನ ನೋಡಿ ಹೋಗ್ತಾವ್ರಿ ಅವು. ನಾವು ಒಮ್ಮೆರ ಅವರೂರಿಗೆ ಹೋಗಿಲ್ಲಂದ್ರ ಹೆಂಗ ಅಕ್ಕೋರ?" ಎಂದು ನನ್ನನ್ನು ಕೇಳಿದ, ಬೀಗರ ಮನೆಗೆ ಹೋಗಿಬರುವ ಮಾತಾಡುವಂತೆ.

ಹೋಗಿಯೇ ಬಂದ. ಬೋನಾಳದಿಂದ ಲಡಾಖಿನ ಕೆರೆಗಳವರೆಗೆ. ಮೊದಲ ಸಲ ಒಬ್ಬನೇ. ಆಮೇಲೆ ಕಛ್‌ನ ಉಪ್ಪಿನ ಬಯಲಿಗೆ, ಅರುಣಾಚಲದ ಗಡಿಗೆ. ಆ ಹೊತ್ತಿಗೆ ಜೊತೆಗೊಬ್ಬ ಸಿಕ್ಕಿದ್ದ. ವನದುರ್ಗದ ಬೀರಪ್ಪ, ಕುರಿ ಕಾಯುವವರ ಮನೆಯ ಹುಡುಗ, ಶಹಾಪುರದಲ್ಲಿ ಗ್ಯಾರೇಜು ಇಟ್ಟಿದ್ದ. ಆತನಿಗಿಂತ ಸುಮಾರು ಚಿಕ್ಕವನು. ಗಾಡಿ ಕೆಟ್ಟರೆ ರಿಪೇರಿ ಮಾಡಲು ಬೇಕೆಂದು ಕರೆದೊಯ್ದವನನ್ನು ಚಿತ್ರದೊಳಕ್ಕೇ ಎಳೆದುಕೊಂಡ. ನಮ್ಮ ಮಂದಿಗೆ ಹಿಮಾಲಯ ತೋರಿಸಬೇಕೆಂದರೆ ನಮ್ಮವನೊಬ್ಬ ಅಲ್ಲಿ ನಡುವೆ ನಿಂತಿರಬೇಕು ಎನ್ನುವುದು ಆತನ ಲೆಕ್ಕ. ಬೀರಪ್ಪನಿಗೆ ಕ್ಯಾಮರಾದ ಅಂಜಿಕೆಯೇ ಇರಲಿಲ್ಲ. ಯಾರ ಮನೆಯೊಳಗಾದರೂ ಹೊಕ್ಕು ಒಲೆಯ ಮುಂದೆ ಕೂಡುತ್ತಿದ್ದ. ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಿದ್ದರು. ಒಂದು ಚಿತ್ರದಲ್ಲಿ ಲಡಾಖಿನ ಮುದುಕಿಯೊಬ್ಬಳು ಆ ರೊಟ್ಟಿಯನ್ನು ತನ್ನ ಬೆಣ್ಣೆ ಚಹಾದಲ್ಲಿ ಅದ್ದಿ ತಿಂದು, ಚಟ್ನಿಯ ಖಾರಕ್ಕೆ ಕೆಮ್ಮಿ, ಬೀರಪ್ಪನ ಬೆನ್ನಿಗೊಂದು ಗುದ್ದು ಕೊಡುತ್ತಾಳೆ. ನಮ್ಮ ಶಾಲೆಯ ಪಡಸಾಲೆಯಲ್ಲಿ ಬಿಳಿ ಪಂಚೆ ಕಟ್ಟಿ ಅದನ್ನು ತೋರಿಸಿದ ದಿನ ಮಂದಿ ಅಷ್ಟನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರು. ಬೀರಪ್ಪನ ತಂದೆ ಮಾತ್ರ, "ಅಲ್ಲಿ ಕುರಿ ಭಾಳ ಮೈ ತುಂಬ್ಯಾವ ನೋಡು" ಎಂದು ಎಲ್ಲರಿಗೂ ಹೇಳಿಕೊಂಡು ಅಡ್ಡಾಡಿದ.

ಈ ಚಿತ್ರಗಳಲ್ಲಿ ಕೇಳಿಬರುವ ಹೆಣ್ಣುದನಿ ನನ್ನದು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ ತೆಗೆಯಲು ಬಂದಿದ್ದಾಗ ನಾನು ಮೈಕಿನಲ್ಲಿ ಮಾತಾಡಿದ್ದನ್ನು ಕೇಳಿ, "ನಮ್ಮ ಪಿಚ್ಚರಿಗೆ ಮಾತ ಹಾಕ್ತೀರೇನ್ರಿ?" ಎಂದು ಮನೆತನಕ ಬಂದ. ಬರೆದೂ ಕೊಡಬೇಕಿತ್ತು, ಓದಲೂ ಬೇಕಿತ್ತು. ಕನ್ನಡ ಎಂ.ಎ. ಓದಿದ ಹೆಮ್ಮೆಯಲ್ಲಿ ನಾನು 'ಭವ್ಯ ಹಿಮಾಲಯದ ಮಡಿಲಲ್ಲಿ' ಎಂದು ಶುರುಮಾಡಿದ್ದೆ. ಆತ ಓದಿಸಿ ಕೇಳಿ, ತಲೆ ಕೆರೆದುಕೊಂಡ.

"ಭವ್ಯ ಅದ ಅಂತ ಹಿಮಾಲಯಕ್ಕ ನಾವು ಹೇಳಬೇಕೇನ್ರಿ? ಕಾಣಸ್ತದಲ್ಲ. ಕಾಣೂದನ್ನ ಹೇಳಬ್ಯಾಡ್ರಿ. ಕಾಣಲಾರದ್ದಿದ್ರ ಹೇಳ್ರಿ."

"ಕಾಣಲಾರದ್ದು ನನಗೇನು ಗೊತ್ತು? ಹೋಗಿಬಂದವರು ನೀವು."

"ನನ್ನ ಕೇಳ್ರಲ್ಲ."

ಹಾಗೆ ನಮ್ಮ ಕೆಲಸ ಸಾಗಿತು. ಆತ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಆ ಮುದುಕಿಗೆ ಮೂವರು ಮಕ್ಕಳು, ಮೂವರೂ ಫೌಜಿನಲ್ಲಿದ್ದಾರೆ. ಈ ಸೇತುವೆ ಪ್ರತಿ ವರ್ಷ ಹೋಗುತ್ತದೆ, ಪ್ರತಿ ವರ್ಷ ಇದೇ ಮಂದಿ ಕಟ್ಟುತ್ತಾರೆ. ಅಂಥ ಮಾತುಗಳು.

ಆತನಿಗೆ ಒಂದು ಚಟವಿತ್ತು. ಮನಸ್ಸಿಗೆ ಬರುವತನಕ ಬಿಡುತ್ತಿರಲಿಲ್ಲ. 'ಇನ್ನೊಮ್ಮಿ' ಎನ್ನುವುದು ಆತನ ಬಾಯಿಮಾತು. ಮದುಮಗ ಮಾಲೆ ಹಾಕಿದರೆ ಇನ್ನೊಮ್ಮಿ. ಶಾಲೆಯ ಮಕ್ಕಳು ಓಡಿಬಂದರೆ ಇನ್ನೊಮ್ಮಿ. ಕಛ್‌ನಲ್ಲಿ ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು, ಬಿಸಿಲು ಸರಿ ಬೀಳಲಿಲ್ಲವೆಂದು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದನಂತೆ. ಕೊನೆಗೆ ಆಕೆ ಕೊಡ ಇಳಿಸಿ ಆತನ ತಲೆಯ ಮೇಲಿಟ್ಟು, ನಡೆ ಎಂದು ಕೈ ಮಾಡಿ, ತಾನು ಮುಂದೆ ಮುಂದೆ ಹೋದಳಂತೆ. ಊರು ಮುಟ್ಟುವವರೆಗೆ ಆತ ಹೊತ್ತ. ಬೀರಪ್ಪ ಇದನ್ನು ನಟಿಸಿ ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದ. ಆತನೂ ನಗುತ್ತಿದ್ದ. ಕತ್ತರಿಸದ ಟೇಪುಗಳನ್ನು ನೋಡಿದವಳು ನಾನೊಬ್ಬಳೇ. ಅವುಗಳ ತುಂಬ ಆ ಒಂದು ಮಾತೇ ಕೇಳಿಸುತ್ತಿತ್ತು. ಚಿತ್ರವಾಗುವ ಹೊತ್ತಿಗೆ ಅದನ್ನೆಲ್ಲ ತೆಗೆದುಹಾಕುತ್ತಿದ್ದ.

ಆ ಬೇಸಿಗೆ ಹೊರಟದ್ದು ಹಿಮಾಚಲದ ಸ್ಪಿತಿಯ ಕಡೆಗೆ. ಬೀರಪ್ಪನ ಮದುವೆಯಾಗಿ ಕೂಸು ಇನ್ನೂ ತೊಟ್ಟಿಲಲ್ಲಿತ್ತು. ಹೋಗುವ ಮುಂಚೆ ಅವನ ಹೆಂಡತಿ ಮಾಳಮ್ಮ ಗ್ಯಾರೇಜಿನ ಮುಂದೆ ಕೂಸನ್ನೆತ್ತಿಕೊಂಡು ನಿಂತು, "ಅಣ್ಣಾರ, ಸುಮ್ಮ ಹೋಗಿ ಸುಮ್ಮ ಬರ್ರಿ" ಎಂದು ಆತನಿಗೆ ಅಷ್ಟೇ ಹೇಳಿದ್ದಳು.

ಅಲ್ಲಿ ಬೆಟ್ಟದ ಮೇಲಿನ ಹಿಮ ಕರಗಿ ಬರುವ ಹಳ್ಳಗಳು ರಸ್ತೆಯ ಮೇಲೆಯೇ ಹರಿಯುತ್ತವಂತೆ. ಮುಂಜಾನೆ ಮೊಣಕಾಲು ಮಟ್ಟ. ಬಿಸಿಲೇರಿದಂತೆ ನೀರೂ ಏರುತ್ತದೆ. ಅದಕ್ಕೇ ಹಳ್ಳಗಳನ್ನು ಹೊತ್ತೇರುವ ಮೊದಲು ದಾಟಿಬಿಡಬೇಕು. ಆತನಿಗೆ ಇದು ಗೊತ್ತಿತ್ತು. ಬೀರಪ್ಪ ಮುಂಜಾನೆಯೇ ಸಲೀಸಾಗಿ ದಾಟಿದ. ಆತ ಆಚೆ ದಂಡೆಯಲ್ಲಿ ಕ್ಯಾಮರಾ ಹಿಡಿದು ನಿಂತಿದ್ದ. ಆದರೆ ದಾಟುವ ಹೊತ್ತಿಗೆ ಸರಿಯಾಗಿ ಮೋಡ ಕವಿದು ನೀರು ಕಪ್ಪಗೆ ಬಿದ್ದಿತ್ತು. ಮೋಡ ಸರಿಯಲೆಂದು ಕಾಯುತ್ತಾ ಕೂತರು. ರೊಟ್ಟಿ ತಿಂದರು. ಮೋಡ ಸರಿಯುವಾಗ ಮಧ್ಯಾಹ್ನ. ನೀರು ಇನ್ನೂ ತಗ್ಗಿದ್ದಾಗಲೇ ಗಾಡಿಯನ್ನು ಈಚೆ ದಂಡೆಗೆ ವಾಪಸು ತಂದಿದ್ದ ಬೀರಪ್ಪ ಈಗ ಎರಡನೇ ಸಲ ಹಳ್ಳಕ್ಕಿಳಿದ. ನಟ್ಟನಡುವೆ ಮುಂದಿನ ಗಾಲಿ ಕಲ್ಲಿಗೆ ಸಿಕ್ಕಿತು. ಗಾಡಿ ವಾಲಿತು. ಬಿಟ್ಟು ಈಜುವುದರ ಬದಲು ಅವನು ಗಾಡಿಯನ್ನು ಹಿಡಿದ. ಕಾಲುವೆಯಲ್ಲಿ ಈಜು ಕಲಿತವನೇ. ಆ ನೀರು ಬೇರೆ. ಕೆಳಗೆ ದೂರದಲ್ಲಿ ರಸ್ತೆ ಕೆಲಸದವರಿಗೆ ಸಿಕ್ಕಿದ.

ಹೈದರಾಬಾದಿನತನಕ ವಿಮಾನದಲ್ಲಿ, ಅಲ್ಲಿಂದ ಯಾದಗಿರಿಯ ಮೇಲೆ ಆಂಬುಲೆನ್ಸಿನಲ್ಲಿ ಆತ ಹೆಣದೊಂದಿಗೇ ಬಂದ. ನಾವೆಲ್ಲ ವನದುರ್ಗಕ್ಕೆ ಹೋಗಿದ್ದೆವು. ಕೋಟೆಯ ಹಿಂದಿನ ಹೊಲದಲ್ಲಿ ಕುಣಿ ತೋಡಿದ್ದರು. ಇಳಿಸುವ ಮೊದಲು ಆತ ಗುಂಪಿನ ನಡುವೆ ಬಂದು ನಿಂತ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು.

"ಎಲ್ಲಾರೂ ಕೇಳ್ರಿ. ಅವ ಮುಂಜಾನಿ ಪಾರಾಗಿದ್ದ. ನಾನ ಹಿಂದಕ್ಕ ಕಳಿಸಿ ಇನ್ನೊಮ್ಮಿ ದಾಟಿಸೀನಿ. ನನ್ನ ಪಿಚ್ಚರಿನ ಸಲುವಾಗಿ."

ಬೀರಪ್ಪನ ಅಣ್ಣ ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟು ಬಂದು ಆತನ ಕೆನ್ನೆಗೆ ಹೊಡೆದ. ಆತ ಕೈ ಎತ್ತಲಿಲ್ಲ. ಇನ್ನೊಂದು ಹೊಡೆದ. ಬೀರಪ್ಪನ ತಂದೆ, "ಮಣ್ಣ ಆಗೂತನ ಎಲ್ಲಾರೂ ಸುಮ್ಮಿರ್ರಿ" ಎಂದ. ಹೊಡೆದವನು ಸಲಿಕೆ ಎತ್ತಿಕೊಂಡ.

ಆಮೇಲೆ ಊರು ಆಡಿದ ಮಾತು ನನಗೆ ಇನ್ನೂ ಅರಗಿಲ್ಲ. ಹುಡುಗನನ್ನು ಕೊಂದ ಎಂದವರಿದ್ದರು, ಸರಿ. ಆದರೆ ಹೆಚ್ಚಿನವರು ಕೇಳಿದ್ದು ಬೇರೆಯೇ: "ಅಲ್ಲಿ ನೋಡಿದಾಂವ ಯಾವನಿದ್ದ? ಹೇಳಬೇಕಂತ ಏನಿತ್ತು? ನೀರಾಗ ಹೋದ ಅಂದಿದ್ರ ಮುಗೀತಿತ್ತು." ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು. ನಿಜ ಹೇಳಿದ್ದಕ್ಕೇ ಹೆಚ್ಚು ಬೈಸಿಕೊಂಡ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಗ ನನಗೆ ಆತನ ಮೇಲೆ ಗೌರವ ಹೆಚ್ಚಿತು. ಪೂರ್ತಿ ನಿಜ ಹೇಳಿದ್ದಾನೆಂದು ನಾನು ನಂಬಿದ್ದೆ.

ಸ್ಟುಡಿಯೋದ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತಿರುತ್ತಿದ್ದ. ತಾಯಿ ಹೊರಗೆ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ನಾನು ಹೋದಾಗ, "ಒಬ್ಬನ್ನ ಬಿಡಾಕ ಅಂಜಿಕಿ ಬರ್ತದವ್ವ" ಎಂದಳು. ಹೈದರಾಬಾದಿನ ಟಿವಿಯೊಂದರಿಂದ ಫೋನು ಬರುತ್ತಿತ್ತು. ಅವಘಡದ ದೃಶ್ಯ ಇದ್ದರೆ ಚಿತ್ರ ತೆಗೆದುಕೊಳ್ಳುತ್ತೇವೆ, ದೊಡ್ಡ ಹೆಸರಾಗುತ್ತದೆ ಎಂದು. ಆತ ರಿಸೀವರನ್ನು ಪಕ್ಕಕ್ಕೆ ತೆಗೆದಿಟ್ಟುಬಿಡುತ್ತಿದ್ದ. "ಸುಟ್ಟುಬಿಡ್ಲೇನ್ರಿ ಆ ಟೇಪು?" ಎಂದು ನನ್ನನ್ನು ಕೇಳಿದ.

ಅಷ್ಟರಲ್ಲಿ ಮಾಳಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಒಂದು ದಿನ ಮಕ್ಕಳ ಊಟ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಅಕ್ಕೋರ, ಮಂದಿ ಒಂದೊಂದು ಹೇಳ್ತಾರ. ಕುಡಿದಿದ್ದ ಅಂತಾರ. ಜಗಳಾ ಆಗಿತ್ತು ಅಂತಾರ. ನಾ ಕಣ್ಣೀಲೆ ನೋಡಬೇಕ್ರಿ. ನೀವು ಜೋಡಿ ಬರ್ರಿ."

ಬೇಡವೆಂದು ಹೇಳಿ ನೋಡಿದೆ. ಕೇಳಲಿಲ್ಲ. ಆ ಮಧ್ಯಾಹ್ನವೇ ಹೋದೆವು. ಅವಳನ್ನು ಬಾಗಿಲಲ್ಲಿ ಕಂಡ ಕೂಡಲೇ ಆತ ಎದ್ದು ನಿಂತ. ಯಾಕೆ ಬಂದಿದ್ದಾಳೆಂದು ನಾನು ಹೇಳಿದೆ. ಆತ ಟೇಪು ಹಾಕಿದ.

ಮೊದಲನೆಯ ದಾಟು. ಕಪ್ಪು ನೀರು, ಬೀರಪ್ಪ ಕಾಲು ಎತ್ತಿ ಹಿಡಿದು ನೆಟ್ಟಗೆ ಬರುತ್ತಾನೆ, ದಂಡೆ ಹತ್ತುತ್ತಾನೆ. ಮಾಳಮ್ಮ ಅದನ್ನು ಮತ್ತೊಮ್ಮೆ ಹಾಕಿಸಿದಳು. ಆಮೇಲೆ ಎರಡನೆಯದು. ಬಿಸಿಲು ಚೆನ್ನಾಗಿ ಬಿದ್ದಿತ್ತು, ನೀರು ಹೊಳೆಯುತ್ತಿತ್ತು. ಇಳಿಯುವ ಮುಂಚೆ ಅವನು ಗಾಡಿಯ ಮೇಲೆ ಕೂತು ಕ್ಯಾಮರಾದತ್ತ ನೋಡಿ ನಗುತ್ತಾನೆ. ಇಳಿಯುತ್ತಾನೆ. ಗಾಲಿ ಸಿಕ್ಕಿದ್ದು ಕಾಣುತ್ತದೆ. "ಬಿಡು, ಗಾಡಿ ಬಿಡು" ಎನ್ನುವ ಆತನ ದನಿ. ಆಮೇಲೆ ಚಿತ್ರವೆಲ್ಲ ಕಲ್ಲು. ಕ್ಯಾಮರಾ ನೆಲಕ್ಕೆ ಬಿದ್ದಿದೆ, ನೀರಿನ ಸದ್ದು, ದೂರದಲ್ಲಿ ಹೆಸರು ಹಿಡಿದು ಕರೆಯುವುದು.

ಆತ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಮಾಳಮ್ಮ ಅಳಲಿಲ್ಲ. ನನ್ನತ್ತ ತಿರುಗಿದಳು.

"ನಕ್ಕೊಂತ ಹ್ವಾದ ನೋಡ್ರಿ. ಮನ್ಯಾಗ ಒಂದ ಕೂಸ ಬಿಟ್ಟು ಬಂದೀನಿ ಅಂಬೋದು ಅವನ ಮಾರೀ ಮ್ಯಾಲ ಅದ ಏನ್ರಿ?"

ಆಮೇಲೆ ಆತನಿಗೆ ಹೇಳಿದಳು: "ನೀ ಹೇಳಿದಿ, ಅವ ಹ್ವಾದ. ಇಬ್ಬರದೂ ತಪ್ಪದ. ಇದನ್ನ ಟಿವಿಯಾಗ ಹಾಕಬ್ಯಾಡ. ಸುಡಲೂ ಬ್ಯಾಡ. ನನ ಮಗ ದೊಡ್ಡಾಂವ ಆಗಿ ಒಂದಿನ ಕೇಳ್ತಾನ, ಅಪ್ಪ ಹೆಂಗ ಸತ್ತ ಅಂತ. ಆವತ್ತ ನೀನ ತೋರಸ್ಬೇಕು, ನೀನ ಹೇಳಬೇಕು. ಅಲ್ಲೀತನ ಸಾಯಬ್ಯಾಡ."

ಆತ ತಲೆಯಾಡಿಸಿದ. ಕಟ್ಟೆಯ ಮೇಲೆ ಕೂತಿದ್ದ ತಾಯಿಗೆ ಈ ಮಾತು ಕೇಳಿಸಿತ್ತು. ಮಾಳಮ್ಮ ಹೊರಬಂದಾಗ ಮುದುಕಿ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. ಮಾಳಮ್ಮ ಬಿಡಿಸಿಕೊಂಡು ನಡೆದಳು.

ಆತ ಬದುಕಿದ. ಬದುಕು ಅನ್ನಬಹುದಾದರೆ ಅದು ಹೀಗಿತ್ತು. ಮದುವೆಗಳಿಗೆ ಹೋಗಲಿಲ್ಲ. ಪಾಸ್‌ಪೋರ್ಟ್ ಫೋಟೋ ಮಾತ್ರ ತೆಗೆಯುತ್ತಿದ್ದ. ಒಂದೇ ಸಲ ಗುಂಡಿ ಒತ್ತುತ್ತಿದ್ದ, ಕಣ್ಣು ಮುಚ್ಚಿ ಬಂದಿದ್ದರೂ ಅದನ್ನೇ ಕೊಡುತ್ತಿದ್ದ. ಗಿರಾಕಿಗಳು ಜಗಳ ತೆಗೆದು ಬೇರೆ ಅಂಗಡಿಗೆ ಹೋದರು. ಗಾಡಿ ಮುಟ್ಟಲಿಲ್ಲ. ಕಾಲುವೆಯ ಸೇತುವೆ ಮೇಲೆ ಹಾಯಲು ಆಗದೆ, ಕ್ಯಾಂಪಿನ ಕಡೆ ಬರುವುದಿದ್ದರೆ ಬಸ್ಸು ಹತ್ತಿ, ಸೇತುವೆ ಬಂದಾಗ ಕಿಟಕಿಯಿಂದ ಮುಖ ತಿರುಗಿಸಿ ಕೂಡುತ್ತಿದ್ದ. ಮಳೆಗಾಲದಲ್ಲಿ ಕಾಲುವೆ ತುಂಬಿ ಹರಿಯುವಾಗ ಬರುತ್ತಲೇ ಇರಲಿಲ್ಲ.

ಆ ಟೇಪನ್ನು ಮಾತ್ರ ಜೋಪಾನ ಮಾಡಿದ. ಆ ಬಗೆಯ ಟೇಪುಗಳ ಕಾಲ ಮುಗಿದಾಗ ಸಿಡಿಗೆ ಇಳಿಸಿದ, ಸಿಡಿ ಕೆಟ್ಟಾಗಲೆಲ್ಲ ಮತ್ತೆ ಇಳಿಸಿದ. ಸಿಡಿಗಳೂ ಹೋಗುವ ಕಾಲಕ್ಕೆ ಪೆನ್‌ಡ್ರೈವಿಗೆ. ಟೇಪಿನಿಂದ ಇಳಿಸಬೇಕಾದರೆ ಮೊದಲಿಂದ ಕೊನೆಯವರೆಗೆ ಓಡಿಸಲೇಬೇಕು. ಆಗ ಟಿವಿಯ ಮೇಲೆ ಟವೆಲು ಹಾಕಿ, ದನಿ ಪೂರ್ತಿ ತಗ್ಗಿಸಿ, ಹೊರಗೆ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದ. ಅಂಥ ಒಂದು ದಿನ ನಾನು ಹೋಗಿದ್ದೆ. "ಒಳಗ ಅದು ನಡದದ್ರಿ" ಎಂದ. ಇಬ್ಬರೂ ಹೊರಗೇ ಕೂತು ಬಸ್ಸುಗಳನ್ನು ನೋಡಿದೆವು.

ಈಚಿನ ವರ್ಷಗಳಲ್ಲಿ ಹುಡುಗರ ಕಾಲ ಬಂತು. ಹೊಸ ಗಾಡಿ, ಹೆಲ್ಮೆಟ್ಟಿನ ಮೇಲೆ ಬೆರಳಿನಷ್ಟು ಕ್ಯಾಮರಾ. ಯಾದಗಿರಿಯಿಂದ, ಸುರಪುರದಿಂದ ಲಡಾಖಿಗೆ ಹೊರಟವರು ಆತನ ಹಳೆಯ ಚಿತ್ರಗಳ ಸುದ್ದಿ ಕೇಳಿ ದಾರಿ ವಿಚಾರಿಸಲು ಬರುತ್ತಿದ್ದರು. ಆತ ಯಾವ ದಾರಿಯನ್ನೂ ಹೇಳುತ್ತಿರಲಿಲ್ಲ. "ಹಳ್ಳ ಮುಂಜಾನಿ ದಾಟ್ರಿ. ಮಧ್ಯಾಹ್ನ ಆತಂದ್ರ ಇದ್ದಲ್ಲೇ ಇರ್ರಿ. ಹಿಂದಿರೋರು ಏನ ಅಂದ್ರೂ ಕೇಳಬ್ಯಾಡ್ರಿ" ಎನ್ನುತ್ತಿದ್ದ. ಹುಡುಗರು ಹೊರಬಂದು ನಗುತ್ತಿದ್ದರು.

ಮಾಳಮ್ಮನ ಮಗ ಯಾದಗಿರಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಗಾಡಿ ಬೇಕೆಂದು ಹಟ ಹಿಡಿದ. ಮಾಳಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಮೊದಲ ನಿಮ್ಮಪ್ಪನ್ನ ನೋಡಿ ಬಾ" ಎಂದಳು. ಆ ರವಿವಾರ ನನ್ನನ್ನೂ ಕರೆದಳು. ನಾನು ನಿವೃತ್ತಳಾಗಿದ್ದೆ. ಮೂವರೂ ಹೋದೆವು.

ಆತ ಆ ಹೊತ್ತಿಗೆ ಸೊರಗಿದ್ದ. ಯಕೃತ್ತಿನ ಕಾಯಿಲೆ ಶುರುವಾಗಿ ಕಣ್ಣು ಹಳದಿಯಾಗಿದ್ದವು. ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ನಿಂತೇ ಎಲ್ಲವನ್ನೂ ಹೇಳಿದ. ಹೇಳಿ ತೋರಿಸಿದ. ಹುಡುಗ ಅಪ್ಪನ ಮುಖವನ್ನು ಓಡಾಡುವ ಚಿತ್ರದಲ್ಲಿ ಕಂಡದ್ದು ಕಡಿಮೆ. ಕಲ್ಲುಗಳು ಬಂದು ನಿಂತಾಗ ಅವನು ಆತನ ಕಡೆ ತಿರುಗಿದ. ಆಮೇಲೆ ಕೇಳಿದ:

"ಅಪ್ಪ ಬ್ಯಾಡ ಅನ್ನಲಿಲ್ಲೇನ್ರಿ?"

ಇಷ್ಟು ವರ್ಷ ನಾವು ಯಾರೂ ಅದನ್ನು ಕೇಳಿರಲಿಲ್ಲ. ಆತ ಟೇಬಲ್ಲಿನ ಅಂಚು ಹಿಡಿದುಕೊಂಡ.

"ಅಂದ."

ಮಾಳಮ್ಮ ತಲೆಯೆತ್ತಿದಳು.

"ಅಣ್ಣ, ನೀರ ಏರ್ಯಾವ, ನಂದೊಂದ ಕೂಸದ, ಬ್ಯಾಡ ಬಿಡು ಅಂದ. ಏನಾಗಂಗಿಲ್ಲ, ನಾ ಅದೀನಲ್ಲ ಅಂದೆ. ಮತ್ತ ಅಂದ. ಹೆಣ್ಣಮಕ್ಕಳಂಗ ಅಂಜತಿಯಲ್ಲೋ ಅಂತ ನಕ್ಕೆ, ನಕ್ಕು ಕ್ಯಾಮರಾ ಚಾಲೂ ಮಾಡಿದೆ. ಆಗ ಅವನೂ ನಕ್ಕ. ನೀ ನೋಡಿದೆಲ್ಲಪ್ಪ, ಆ ನಗಿ ಅದ."

ಹುಡುಗ ಎದ್ದು ಹೊರಗೆ ಹೋದ. ಮಾಳಮ್ಮ ಕೂತೇ ಇದ್ದಳು. ನಾನು ಅವಳ ಭುಜ ಮುಟ್ಟಿದ ಮೇಲೆ ಎದ್ದಳು. ಆತನ ಕಡೆ ನೋಡಲಿಲ್ಲ.

ಸಿಟ್ಟಿನಿಂದ ಸಿಡಿಯುತ್ತಾಳೆಂದು ನಾನು ಎಣಿಸಿದ್ದೆ. ಬಸ್ ಸ್ಟ್ಯಾಂಡಿನ ನಲ್ಲಿಯ ಹತ್ತಿರ ನಿಂತು ಮುಖಕ್ಕೆ ನೀರು ಹಾಕಿಕೊಂಡಳು. ಸೆರಗಿನಿಂದ ಒರೆಸಿಕೊಳ್ಳುತ್ತಾ ಹೇಳಿದಳು: "ಕೂಸದ ಅಂದಿದ್ನಂತಲ್ರಿ ಅಕ್ಕೋರ. ಇಷ್ಟ ವರ್ಷ ನಾ ದಿನಾ ಅವನ್ನ ಬೈಕೊಂತ ಬಂದೀನಿ. ಒಲಿ ಮುಂದ ಕುಂತ್ರೂ ಬೈದೀನಿ. ಫೋಟೋದ ಹುಚ್ಚಿಗೆ ನಮ್ಮನ್ನ ಮರತು ನಕ್ಕೊಂತ ಹ್ವಾದ ಅಂತ. ಮರತಿರಲಿಲ್ಲ ನೋಡ್ರಿ." ಆಗ ಅಳು ಬಂತು ಅವಳಿಗೆ. ಅಂಥ ಅಳುವನ್ನು ನಾನು ವನದುರ್ಗದ ಕುಣಿಯ ಬಳಿಯೂ ಕೇಳಿರಲಿಲ್ಲ.

ಕೆಲ ದಿನ ತಡೆದು ನಾನು ಸ್ಟುಡಿಯೋಗೆ ಹೋದೆ. ಆತ ಕತ್ತರಿ ಹಿಡಿದು ಸಣ್ಣ ಫೋಟೋಗಳನ್ನು ಕತ್ತರಿಸುತ್ತಿದ್ದ. ಮಾಳಮ್ಮ ಆಡಿದ್ದನ್ನು ಹಾಗೆಯೇ ಹೇಳಿದೆ. ಸಮಾಧಾನವಾದೀತೆಂದು ಹೇಳಿದೆ. ಆತ ಕತ್ತರಿ ಕೆಳಗಿಟ್ಟ.

"ಆಕಿ ಖರೇ ಹಂಗ ಅಂದಳೇನ್ರಿ?"

"ಹೌದು."

"ನಾನ ಇನ್ನೊಮ್ಮಿ ಕಳಿಸೀನಿ ಅಂತ ಎಲ್ಲಾರ ಮುಂದ ಹೇಳಿದ್ನಿ. ಅದು ಹೇಳಾಕ ಬಂತು. ಅವ ಬ್ಯಾಡಂದಿದ್ದ, ನಾ ಅವನ್ನ ನಕ್ಕಿದ್ನಿ ಅಂಬೋದು ಬಾಯಾಗ ಬರಲಿಲ್ಲ. ಅದು ನಂದ ನಾಚಿಕಿ, ನನ್ನ ಕೂಡ ಮಣ್ಣಾಗಲಿ ಅಂದ್ಕೊಂಡಿದ್ನಿ." ಕತ್ತರಿಸಿದ ಫೋಟೋಗಳನ್ನು ಒಟ್ಟುಮಾಡುತ್ತಾ ಹೇಳಿದ: "ಅವ ಕೂಸದ ಅಂದ ಮಾತು ಆಕಿದ್ರಿ ಅಕ್ಕೋರ. ಆಕಿಗೆ ಮುಟ್ಟಿಸಬೇಕಿತ್ತು. ನಾ ಇಟಗೊಂಡ ಕುಂತೆ."

ಚಹಾ ತರಿಸಿದ. ಕುಡಿದು ಬಂದೆ.

ಅಲ್ಲಿಂದ ಒಂದು ವರ್ಷವೂ ಇರಲಿಲ್ಲ. ಕಲಬುರಗಿಯ ದವಾಖಾನೆಗೆ ತೋರಿಸಿದರು, ತಡವಾಗಿತ್ತು. ಈ ಕೊನೆಯ ತಿಂಗಳುಗಳಲ್ಲಿ ಮಾಳಮ್ಮ ಆಗಾಗ ಸ್ಟುಡಿಯೋದ ಮುಂದೆ ಬಂದು ನಿಂತು, ದಾರಿಯಲ್ಲಿ ಹೋಗುವವರಿಗೆ ಕೇಳುವಂತೆ ಆತನನ್ನು ಬೈದು ಹೋಗುತ್ತಿದ್ದಳೆಂದು ಪಕ್ಕದ ಪಾನ್‌ಡಬ್ಬಿಯವನು ಹೇಳಿದ. ಹಾಸಿಗೆ ಹಿಡಿದ ಮೇಲೆ ಮನೆಗೂ ಹೋಗಿ ಬೈದಳಂತೆ. ಆತ ತಲೆದಿಂಬಿಗೆ ಒರಗಿ ಪೂರ್ತಿ ಕೇಳುತ್ತಿದ್ದನಂತೆ. ನಡುವೆ ಆಕೆ ಕೆಮ್ಮಿದರೆ ನೀರು ಕೊಡಿಸುತ್ತಿದ್ದನಂತೆ.

ಸಂತೆಯಿಂದ ನೇರ ಆತನ ಓಣಿಗೆ ಹೋದೆ. ಓಣಿಯ ಹಿರಿಯರು ಬುದ್ಧವಂದನೆ ಹೇಳಿದರು. ಹೆಚ್ಚು ಮಂದಿ ಇರಲಿಲ್ಲ. ಮಾಳಮ್ಮ ಬಂದಿದ್ದಳು. ಮಗ ಬರಲಿಲ್ಲ. ಮಣ್ಣಾಗಿ ಎಲ್ಲರೂ ಚದುರಿದ ಮೇಲೂ ಅವಳು ಬೇವಿನ ಗಿಡದ ಕೆಳಗೆ ಕೂತಿದ್ದಳು. ಗುರುತಿಲ್ಲದ ಮುದುಕಿಯೊಬ್ಬಳು ಅವಳ ಪಕ್ಕ ಕೂತು, "ನಿನಗೇನಾಗಬೇಕವ್ವ ಅವ?" ಎಂದು ಕೇಳಿದಳು.

"ಏನೂ ಆಗಬೇಕಿಲ್ಲ" ಎಂದಳು ಮಾಳಮ್ಮ. ಹೊಸ ಮಣ್ಣಿನ ಕಡೆಗೇ ನೋಡುತ್ತಿದ್ದಳು. "ಗಂಡನ್ನ ಬೈಯೂದು ಬಿಟ್ಟಮ್ಯಾಲ ಬೈಯಾಕ ಇಂವೊಬ್ಬ ಇದ್ದ. ಈಗ ಯಾರ ಬಾಗಲದಾಗ ಹೋಗಿ ನಿಂದರ್ಲಿ?"